ಎಂಟು ಬೈಕ್‌ಗಳ ಗುಂಪು ಮತ್ತು ಯೂಟಾದ ಕಣಿವೆಗಳು: ಜೊತೆಯಿದ್ದರೆ ಅಪಾಯ ಕಡಿಮೆಯೇ?

ಪ್ರಶ್ನೆ: ನಾವು ಎಂಟು ಮಂದಿ ಸ್ನೇಹಿತರು ಅಕ್ಟೋಬರ್ ತಿಂಗಳ ಆರಂಭದಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ನಾಲ್ಕು ದಿನಗಳ ಆಫ್‌ರೋಡ್ ಬೈಕ್ ಪಯಣಕ್ಕೆ ಸಿದ್ಧರಾಗುತ್ತಿದ್ದೇವೆ. ಮೋಆಬ್ ಪಟ್ಟಣದಿಂದ ಹೊರಟು ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ವೈಟ್ ರಿಮ್ ರಸ್ತೆಯನ್ನು ಸುತ್ತಿ, ಆಮೇಲೆ ಹ್ಯಾನ್ಸ್ ಫ್ಲ್ಯಾಟ್ ಮತ್ತು ಫ್ಲಿಂಟ್ ಟ್ರೇಲ್ ಮೂಲಕ ಹೈಟ್ ಎಂಬ ಜಾಗಕ್ಕೆ ಇಳಿದು ಹ್ಯಾಂಕ್ಸ್‌ವಿಲ್ ಊರಿನಲ್ಲಿ ಮುಗಿಸುವ ಯೋಜನೆ. ಐದು ದೊಡ್ಡ ಅಡ್ವೆಂಚರ್ ಬೈಕ್‌ಗಳು, ಮೂರು ಹಗುರ ಬೈಕ್‌ಗಳು. ಇಬ್ಬರಿಗೆ ಮರಳಿನಲ್ಲಿ ಓಡಿಸಿ ಅಭ್ಯಾಸವಿಲ್ಲ. ಒಬ್ಬರ ಬಳಿ ಉಪಗ್ರಹ ಸಂದೇಶ ಸಾಧನವಿದೆ. “ಎಂಟು ಜನ ಇದ್ದೇವಲ್ಲ, ಏನಾದರೂ ಆದರೆ ಒಬ್ಬರಿಗೊಬ್ಬರು ಆಗುತ್ತೇವೆ, ಮಳೆಗಾಲವೂ ಮುಗಿದಿರುತ್ತದೆ” ಎಂಬುದು ಗುಂಪಿನ ಮಾತು. ನನಗೇಕೋ ಧೈರ್ಯ ಸಾಲದು. ಗುಂಪನ್ನು ಚಿಕ್ಕದು ಮಾಡಬೇಕೇ, ಮಾರ್ಗ ಬದಲಿಸಬೇಕೇ, ಅಥವಾ ಹೊಸಬರಿಬ್ಬರನ್ನು ಬಿಟ್ಟುಹೋಗಬೇಕೇ?

ಉತ್ತರ: ನೀವು ಮೂರು ಪ್ರಶ್ನೆಗಳನ್ನು ಕೇಳಿದ್ದೀರಿ, ಆದರೆ ಅವುಗಳ ಕೆಳಗಿರುವ ಆತಂಕ ಒಂದೇ. ಜೊತೆಗಿರುವ ಜನರ ಸಂಖ್ಯೆಯನ್ನೇ ಸುರಕ್ಷತೆಯೆಂದು ನಂಬಿ ಹೊರಡುತ್ತಿದ್ದೇವೆಯೇ ಎಂಬ ಆತಂಕ ಅದು. ಮರುಭೂಮಿಯ ಹಾದಿಗಳಲ್ಲಿ ಗುಂಪುಗಳನ್ನು ಕರೆದೊಯ್ಯುವುದೇ ನನ್ನ ವೃತ್ತಿಯಾದ್ದರಿಂದ ನೇರವಾಗಿ ಹೇಳಿಬಿಡುತ್ತೇನೆ: ಬಿದ್ದವನನ್ನು ಎತ್ತಲು ಎಂಟು ಜನ ಉಪಯೋಗಕ್ಕೆ ಬರುತ್ತಾರೆ, ಆದರೆ ಅವನು ಬಿದ್ದದ್ದು ಆ ಎಂಟು ಜನರಿಗೂ ಬೇಗ ಗೊತ್ತಾಗುವುದಿಲ್ಲ. ನಿಮ್ಮ ಯೋಜನೆಯಲ್ಲಿ ಮೊದಲು ಸರಿಪಡಿಸಬೇಕಾದದ್ದು ಇದು.

ಕಾರಣ ಧೂಳು. ಒಣ ಮಣ್ಣಿನ ದಾರಿಯಲ್ಲಿ ಮುಂದಿನ ಬೈಕ್ ಎಬ್ಬಿಸಿದ ಧೂಳಿನೊಳಗೆ ಯಾರೂ ಓಡಿಸಲಾರರು. ದಾರಿಯಲ್ಲಿರುವ ಕಲ್ಲಿನ ಮೆಟ್ಟಿಲು ಕಾಣುವಷ್ಟು ಧೂಳು ಇಳಿಯಲು ಪ್ರತಿಯೊಬ್ಬನೂ ಹಿಂದೆ ಸರಿಯುತ್ತಾನೆ. ಗಾಳಿಯಿಲ್ಲದ ದಿನ ಎರಡು ಬೈಕ್‌ಗಳ ನಡುವೆ 300 ಮೀಟರ್ ಅಂತರ ತೀರ ಸಾಮಾನ್ಯ. ಎಂಟು ಬೈಕ್‌ಗಳ ನಡುವೆ ಏಳು ಅಂತರಗಳು, ಅಂದರೆ ಮೊದಲಿನವನಿಂದ ಕೊನೆಯವನವರೆಗೆ ಎರಡು ಕಿಲೋಮೀಟರ್‌ಗೂ ಹೆಚ್ಚು. ಕಣಿವೆಯ ಅಂಚನ್ನೇ ಹಿಡಿದು ಒಳಕ್ಕೂ ಹೊರಕ್ಕೂ ಬಳುಕುವ ವೈಟ್ ರಿಮ್‌ನಂಥ ದಾರಿಯಲ್ಲಿ ಈ ಎರಡು ಕಿಲೋಮೀಟರ್ ಎಂದರೆ ನಾಲ್ಕಾರು ತಿರುವುಗಳ ಮರೆ. ಐದನೆಯವನು ಬಿದ್ದರೆ ಆರನೆಯವನಿಗೆ ಒಂದೆರಡು ನಿಮಿಷದಲ್ಲಿ ತಿಳಿಯುತ್ತದೆ. ಮುಂದಿನ ನಾಲ್ವರು ಮಾತ್ರ ಇನ್ನೂ ಹತ್ತು ಕಿಲೋಮೀಟರ್ ಹೋಗಿ, ನಿಂತು, ನೀರು ಕುಡಿದು, ಯಾಕೆ ಬರಲಿಲ್ಲವೆಂದು ಯೋಚಿಸಿ, ಹಿಂದಿರುಗಬೇಕೋ ಕಾಯಬೇಕೋ ಎಂದು ಚರ್ಚಿಸುತ್ತಾರೆ. ಪ್ರಥಮ ಚಿಕಿತ್ಸೆಯ ಚೀಲವೂ ಉಪಗ್ರಹ ಸಾಧನವೂ ಆ ನಾಲ್ವರಲ್ಲೇ ಇರುವುದು ವಾಡಿಕೆ, ಏಕೆಂದರೆ ಅನುಭವಿಗಳು ಮುಂದೆ ಓಡಿಸುತ್ತಾರೆ.

ಎರಡನೆಯದು ಸಮಯ. ಒಬ್ಬ ಕನ್ನಡಕದ ಧೂಳು ಒರೆಸಲು ನಿಂತರೆ ಎಂಟೂ ಜನ ನಿಲ್ಲುತ್ತಾರೆ, ಮತ್ತು ಅವನು ಮುಗಿಸುವ ಹೊತ್ತಿಗೆ ಇನ್ನೊಬ್ಬನಿಗೆ ಕೈಗವಸು ತೆಗೆಯಬೇಕೆನ್ನಿಸುತ್ತದೆ. ಒಂದು ಪಂಕ್ಚರ್‌ಗೆ ಮುಕ್ಕಾಲು ಗಂಟೆ ಹಿಡಿದರೆ, ಎಂಟು ಬೈಕ್‌ಗಳ ಹದಿನಾರು ಟೈರ್‌ಗಳಲ್ಲಿ ದಿನಕ್ಕೊಂದು ಪಂಕ್ಚರ್ ಆಗುವುದು ದುರದೃಷ್ಟವೇನಲ್ಲ, ಲೆಕ್ಕ. ಅಕ್ಟೋಬರ್‌ನ ಆರಂಭದಲ್ಲಿ ಅಲ್ಲಿ ಸಂಜೆ ಏಳರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಕಣಿವೆಯ ತಳದಲ್ಲಿ ನೆರಳು ಅದಕ್ಕಿಂತ ಎಷ್ಟೋ ಮುಂಚೆ ಬೀಳುತ್ತದೆ. ಹಗಲು ಹಿತವಾಗಿದ್ದರೂ ರಾತ್ರಿಯ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ. ಬೆವರಿನಲ್ಲಿ ತೊಯ್ದ ಅಂಗಿಯಲ್ಲಿ ಕತ್ತಲಾದ ಮೇಲೆ ಮರಳಿನಲ್ಲಿ ಬೈಕ್ ಎಳೆಯುತ್ತಿರುವ ಗುಂಪನ್ನು ಆ ಸ್ಥಿತಿಗೆ ತಂದದ್ದು ಒಂದು ದೊಡ್ಡ ತಪ್ಪಾಗಿರುವುದಿಲ್ಲ. ಬೆಳಗಿನಿಂದ ಸೋರಿದ ಐದೈದು ನಿಮಿಷಗಳಾಗಿರುತ್ತವೆ.

ಮೂರನೆಯದನ್ನು ಹೇಳುವುದು ಸ್ವಲ್ಪ ಕಷ್ಟ, ಏಕೆಂದರೆ ಅದು ಸ್ನೇಹದ ವಿಷಯ. ದೊಡ್ಡ ಗುಂಪಿನಲ್ಲಿ “ನನಗಿದು ಆಗುವುದಿಲ್ಲ” ಎನ್ನುವವನು ಯಾರೂ ಇರುವುದಿಲ್ಲ. ಇಬ್ಬರೇ ಇದ್ದರೆ ಇಳಿಜಾರಿನ ತುದಿಯಲ್ಲಿ ನಿಂತು ವಾಪಸು ಹೋಗೋಣವೆಂದು ಸುಲಭವಾಗಿ ಹೇಳಬಹುದು. ಎಂಟು ಜನರಲ್ಲಿ ಐವರು ಆಗಲೇ ಇಳಿದಿದ್ದರೆ ಆರನೆಯವನು ಬಾಯಿ ಮುಚ್ಚಿಕೊಂಡು ಇಳಿಯುತ್ತಾನೆ. ನಿಮ್ಮ ಪತ್ರದಲ್ಲೂ ಅದು ಕಾಣುತ್ತಿದೆ: ಧೈರ್ಯ ಸಾಲದೆಂದು ನೀವು ನನಗೆ ಬರೆದಿದ್ದೀರಿ, ಗುಂಪಿಗೆ ಹೇಳಿದ್ದೀರೆಂದು ಬರೆದಿಲ್ಲ.

ಇನ್ನು ಮಳೆ ಮತ್ತು ಪ್ರವಾಹ. ಮಳೆಗಾಲ ಮುಗಿದಿರುತ್ತದೆ ಎಂಬುದು ಅರ್ಧ ನಿಜ. ಅಲ್ಲಿ ಮಧ್ಯಾಹ್ನದ ಗುಡುಗುಮಳೆಯ ಕಾಲ ಜುಲೈನಿಂದ ಸೆಪ್ಟೆಂಬರ್‌ವರೆಗೆ, ಮತ್ತು ದಿಢೀರ್ ಪ್ರವಾಹಗಳು ಹೆಚ್ಚಾಗಿ ಆ ತಿಂಗಳುಗಳಲ್ಲೇ ಬರುತ್ತವೆ. ನೆಲ ಬರಿಯ ಮರಳುಗಲ್ಲಾದ್ದರಿಂದ ಬಿದ್ದ ನೀರು ಇಂಗುವುದಿಲ್ಲ. ಬಂಡೆಯ ಮೇಲಿಂದ ಜಾರಿ, ಅಂಚುಗಳಿಂದ ಧುಮುಕಿ, ಒಣಹಳ್ಳಗಳಲ್ಲಿ ಒಟ್ಟುಗೂಡಿ, ಮರದ ಕೊರಡು ಕಲ್ಲುಗಳನ್ನು ಮುಂದೆ ತಳ್ಳಿಕೊಂಡು ಬರುತ್ತದೆ. ಮಳೆ ಬಿದ್ದ ಜಾಗ ನೀವು ನಿಂತ ಜಾಗದಿಂದ ಹತ್ತಾರು ಕಿಲೋಮೀಟರ್ ದೂರವಿರಬಹುದು. 1997ರ ಆಗಸ್ಟ್ 12ರಂದು ಅರಿಜೋನಾದ ಆಂಟಿಲೋಪ್ ಕಣಿವೆಯಲ್ಲಿ 11 ಮಂದಿ ಸತ್ತದ್ದು ಹೀಗೆಯೇ, ಮೇಲ್ಭಾಗದ ದೂರದ ಮಳೆಯಿಂದ. 2015ರ ಸೆಪ್ಟೆಂಬರ್ 14ರಂದು ಯೂಟಾದ ಜಾಯನ್ ರಾಷ್ಟ್ರೀಯ ಉದ್ಯಾನದ ಕೀಹೋಲ್ ಕಣಿವೆಯಲ್ಲಿ ಒಂದೇ ಗುಂಪಿನ ಏಳೂ ಮಂದಿ ಕೊಚ್ಚಿಹೋದರು. ಅದೇ ದಿನ ಹಿಲ್ಡೇಲ್ ಪಟ್ಟಣದಲ್ಲಿ ಪ್ರವಾಹಕ್ಕೆ 13 ಜನ ಬಲಿಯಾದರು. ತಲೆಯ ಮೇಲಿನ ಆಕಾಶ ನೀಲಿಯಾಗಿದೆ ಎಂಬುದು ಈ ನಾಡಿನಲ್ಲಿ ಸಾಕ್ಷಿಯೇ ಅಲ್ಲ. ಹರಿಯುವ ನೀರು 15 ಸೆಂಟಿಮೀಟರ್ ಆಳವಿದ್ದರೂ ನಿಂತ ಮನುಷ್ಯನನ್ನು ಕೆಡವಬಲ್ಲದು. ಆದ್ದರಿಂದ ಕೆಂಪು ನೀರು ಹರಿಯುತ್ತಿರುವ ಹಳ್ಳದ ಎದುರು ಮಾಡಬೇಕಾದ ಕೆಲಸ ಒಂದೇ: ಎತ್ತರದ ದಡದಲ್ಲಿ ಎಂಜಿನ್ ಆರಿಸಿ ಕಾಯುವುದು. ಹೆಚ್ಚಿನ ಹಳ್ಳಗಳು ಕೆಲವು ಗಂಟೆಗಳಲ್ಲಿ ಇಳಿಯುತ್ತವೆ. ಇಳಿದ ಮೇಲೂ ಮೊದಲು ನಡೆದು ನೋಡಬೇಕು, ಏಕೆಂದರೆ ಮೇಲೆ ಒಣಗಿ ಬಿರುಕುಬಿಟ್ಟಂತೆ ಕಾಣುವ ಹೂಳಿನ ಕೆಳಗೆ ಅಚ್ಚಿನವರೆಗೂ ಮುಳುಗಿಸುವ ಕೆಸರಿರುತ್ತದೆ.

ಆದರೆ ಅಕ್ಟೋಬರ್‌ನಲ್ಲಿ ನಾನು ಪ್ರವಾಹಕ್ಕಿಂತ ಹೆಚ್ಚು ಹೆದರುವುದು ಜೇಡಿಗೆ. ಶರತ್ಕಾಲದ ಮಳೆ ಗುಡುಗುಮಳೆಯಂತೆ ಒಂದು ಗಂಟೆ ಅಬ್ಬರಿಸಿ ನಿಲ್ಲುವುದಿಲ್ಲ. ಮೋಡ ಕವಿದು ಅರ್ಧ ದಿನ, ಒಂದು ದಿನ ಸಣ್ಣಗೆ ಸುರಿಯಬಹುದು. ಆ ಪ್ರದೇಶದ ಚಿನ್ಲೆ ಪದರದ ಬಣ್ಣಬಣ್ಣದ ದಿಣ್ಣೆಗಳಲ್ಲಿ, ಮ್ಯಾಂಕೋಸ್ ಪದರದ ಬೂದು ಬಯಲಿನಲ್ಲಿ ಬೆಂಟೊನೈಟ್ ಎಂಬ ಜೇಡಿಯಿದೆ, ಅದು ನೀರು ಹೀರಿ ಉಬ್ಬುತ್ತದೆ. ಒಣಗಿದ್ದಾಗ ಆ ದಾರಿ ಡಾಂಬರಿನಷ್ಟು ಗಟ್ಟಿ. ನೆಂದ ಮೇಲೆ ಮುಂದಿನ ಚಕ್ರ ಒಂದೊಂದು ಸುತ್ತಿಗೂ ಒಂದೊಂದು ಪದರ ಜೇಡಿಯನ್ನು ಮೆತ್ತಿಕೊಳ್ಳುತ್ತ, ಐವತ್ತು ಮೀಟರ್ ಹೋಗುವಷ್ಟರಲ್ಲಿ ಟೈರ್ ಮತ್ತು ಮಡ್‌ಗಾರ್ಡ್ ನಡುವಿನ ಸಂದು ತುಂಬಿ, ಚಕ್ರ ತಿರುಗುವುದನ್ನೇ ನಿಲ್ಲಿಸಿಬಿಡುತ್ತದೆ; ದೊಡ್ಡ ಬೈಕ್‌ಗಳ ಮಡ್‌ಗಾರ್ಡ್ ಟೈರಿಗೆ ಅಂಟಿಕೊಂಡಂತಿರುವುದರಿಂದ ಅವಕ್ಕೇ ಮೊದಲು ಹೀಗಾಗುತ್ತದೆ. ಕೋಲಿನಿಂದ ಕೆರೆದು ತೆಗೆದರೆ ಇನ್ನೈವತ್ತು ಮೀಟರ್. ಆಗ ಮುಂದೆ ಹೋಗುವ ಪ್ರಶ್ನೆಯೇ ಇಲ್ಲ, ನಿಂತು ಒಣಗಲು ಬಿಡಬೇಕು; ಒಳ್ಳೆಯ ಬಿಸಿಲಿದ್ದರೆ ಅರ್ಧ ದಿನ, ಇಲ್ಲದಿದ್ದರೆ ಒಂದೆರಡು ದಿನ. ನೀವು ಇಳಿಯಬೇಕೆಂದಿರುವ ಫ್ಲಿಂಟ್ ಟ್ರೇಲ್ ಇಂಥ ಜೇಡಿಯ ಕಡಿದಾದ ಹೇರ್‌ಪಿನ್ ತಿರುವುಗಳ ದಾರಿ. ಅದನ್ನು ಇಳಿದ ಮೇಲೆ ಮಳೆ ಬಂದರೆ ಬಂದ ದಾರಿಯಲ್ಲಿ ಹತ್ತಿ ವಾಪಸಾಗುವ ಹಾಗಿಲ್ಲ.

ಹಾಗಾಗಿ ನಿಮ್ಮ ಮಾರ್ಗದ ಎರಡು ಭಾಗಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ವೈಟ್ ರಿಮ್ ಸುಮಾರು 160 ಕಿಲೋಮೀಟರ್‌ನ ಸುತ್ತು. 1950ರ ದಶಕದಲ್ಲಿ ಯುರೇನಿಯಂ ಹುಡುಕಾಟಕ್ಕಾಗಿ ಮಾಡಿದ ದಾರಿಯಾದ್ದರಿಂದ ಏರಿಳಿತಗಳಲ್ಲಿ ಒಂದು ಹದವಿದೆ. ಶೇಫರ್ ಇಳಿಜಾರು, ಮರ್ಫಿ ಹಾಗ್‌ಬ್ಯಾಕ್, ಹಾರ್ಡ್‌ಸ್ಕ್ರ್ಯಾಬಲ್ ಏರು ಮತ್ತು ಗ್ರೀನ್ ನದಿಯ ಪಕ್ಕದ ಮರಳು, ಇವಿಷ್ಟನ್ನು ದಾಟಿದರೆ ಉಳಿದದ್ದು ತಾಳ್ಮೆಯ ಕೆಲಸ. ಬೇರೆ ವಾಹನಗಳೂ ಆಗಾಗ ಕಾಣುತ್ತವೆ. ಅಲ್ಲಿಯೂ ನಿಸರ್ಗದ ಮಾತೇ ಕೊನೆಯದು: 2010ರ ಆಗಸ್ಟ್‌ನ ಮಳೆಗೆ ಮಿನರಲ್ ಬಾಟಮ್ ತಿರುವುಗಳೇ ಕೊಚ್ಚಿಹೋಗಿ ಮರುವರ್ಷ ಹೊಸದಾಗಿ ಕಟ್ಟಬೇಕಾಯಿತು. ಆದರೆ ಹ್ಯಾನ್ಸ್ ಫ್ಲ್ಯಾಟ್ ಆಚೆಗಿನ ಮೇಜ್ ವಿಭಾಗ ಬೇರೆಯೇ ಲೋಕ. ಹೆದ್ದಾರಿಯಿಂದ ಅಲ್ಲಿನ ರೇಂಜರ್ ಠಾಣೆಗೇ 74 ಕಿಲೋಮೀಟರ್ ಮಣ್ಣಿನ ದಾರಿ. ಠಾಣೆಯಲ್ಲಿ ಪೆಟ್ರೋಲ್ ಇಲ್ಲ, ಊಟವಿಲ್ಲ. ಹ್ಯಾಂಕ್ಸ್‌ವಿಲ್‌ನಲ್ಲಿ ಟ್ಯಾಂಕ್ ತುಂಬಿಸಿ ಹೈಟ್ ಮೂಲಕ ಮತ್ತೆ ಹ್ಯಾಂಕ್ಸ್‌ವಿಲ್ ಸೇರುವ ಹೊತ್ತಿಗೆ 250 ಕಿಲೋಮೀಟರ್ ದಾಟಿರುತ್ತದೆ, ಮತ್ತು ಹೈಟ್‌ನಲ್ಲಿ ಪೆಟ್ರೋಲ್ ಸಿಗುತ್ತದೆಂದು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮರಳಿನಲ್ಲಿ ಕೆಳಗಿನ ಗೇರ್‌ನಲ್ಲಿ ಎಳೆಯುವಾಗ ಬೈಕಿನ ಮೈಲೇಜ್ ಮೂರನೇ ಒಂದು ಭಾಗ ಇಳಿದರೂ ಆಶ್ಚರ್ಯವಿಲ್ಲವಾದ್ದರಿಂದ ನಿಮ್ಮ ಹಗುರ ಬೈಕ್‌ಗಳ ಸಣ್ಣ ಟ್ಯಾಂಕ್‌ಗಳಿಗೆ ಆ ಸುತ್ತು ದಕ್ಕುವುದಿಲ್ಲ, ಹೆಚ್ಚುವರಿ ಪೆಟ್ರೋಲ್ ಹೊರಲೇಬೇಕು. ಪೆಟ್ರೋಲ್ ವಿಷಯ ಬಂದದ್ದರಿಂದ ಒಂದು ಮಾತು: ಯೂಟಾದ ಬಂಕ್‌ಗಳಲ್ಲಿ ರೆಗ್ಯುಲರ್ ಎಂದರೆ 85 ಆಕ್ಟೇನ್. ನಿಮ್ಮ ದೊಡ್ಡ ಬೈಕ್‌ಗಳ ಕೈಪಿಡಿ ಅದಕ್ಕಿಂತ ಹೆಚ್ಚಿನದನ್ನು ಕೇಳುತ್ತಿದ್ದರೆ 91ರ ಪಂಪನ್ನೇ ಹಿಡಿಯಿರಿ.

ನೀರಿನ ಲೆಕ್ಕವೂ ಹೀಗೇ ಕಠಿಣ. ವೈಟ್ ರಿಮ್ ದಾರಿಯುದ್ದಕ್ಕೂ ಕುಡಿಯುವ ನೀರಿಲ್ಲ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಎಂಬ ಉದ್ಯಾನದ ಸಲಹೆಯನ್ನೇ ಇಟ್ಟುಕೊಂಡರೂ ಎಂಟು ಜನರಿಗೆ ಎರಡು ದಿನಕ್ಕೆ 64 ಲೀಟರ್, ಅಂದರೆ 64 ಕಿಲೋ. ನದಿಯ ನೀರನ್ನು ಸೋಸಿ ಕುಡಿಯುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನದಿ ಕಾಣುವುದು ಎಲ್ಲ ಕಡೆಯಿಂದ, ಕೈಗೆ ಸಿಗುವುದು ಕೆಲವೇ ಕಡೆ, ಮತ್ತು ಆ ನೀರಿನ ಹೂಳು ಸೋಸುಕವನ್ನು ಬೇಗನೆ ಕಟ್ಟಿಸಿಬಿಡುತ್ತದೆ. ಹವೆ ತಂಪಾಗಿದೆ, ಬೆವರೇ ಬರುತ್ತಿಲ್ಲ ಎಂಬ ಮಾತನ್ನೂ ನಂಬಬೇಡಿ. ಒಣಗಾಳಿಯಲ್ಲಿ ಬೆವರು ಬಂದ ಕೂಡಲೇ ಆರುತ್ತದೆ, ಅಷ್ಟೆ.

ಬೈಕ್‌ಗಳ ವಿಷಯಕ್ಕೆ ಬರೋಣ. ದೊಡ್ಡ ಬೈಕ್ ಸ್ಥಿರ, ಆದ್ದರಿಂದ ಹೊಸಬರಿಗೆ ಕೊಡೋಣ ಎಂಬ ವಿಚಾರ ನಿಮ್ಮ ಗುಂಪಿನಲ್ಲಿದ್ದರೆ ಅದನ್ನು ಇಂದೇ ಕೈಬಿಡಿ. ಹೆದ್ದಾರಿಯಲ್ಲಿ ಅದು ನಿಜ. ಮೆತ್ತನೆಯ ಮರಳಿನಲ್ಲಿ 230 ಕಿಲೋ ತೂಕದ ಬೈಕ್‌ನ ಮುಂದಿನ ಚಕ್ರ, ಸವಾರ ಹೆದರಿ ಆಕ್ಸಿಲರೇಟರ್ ಬಿಟ್ಟ ಕ್ಷಣದಲ್ಲೇ ಭಾರವೆಲ್ಲ ಮುಂದಕ್ಕೆ ಬಂದು ಮರಳಿನೊಳಗೆ ಹೂತು, ಹ್ಯಾಂಡಲ್ ತಾನಾಗಿಯೇ ಒಂದು ಕಡೆಗೆ ತಿರುಗುತ್ತದೆ. ಆಗ ಅವನು ಸಹಜವಾಗಿ ಕಾಲು ಚಾಚುತ್ತಾನೆ. ಚಾಚಿದ ಕಾಲು ಮರಳಿನಲ್ಲಿ ಸಿಕ್ಕಿ, ಹಿಂದಿನಿಂದ ಬರುವ ಅಲ್ಯೂಮಿನಿಯಂ ಪೆಟ್ಟಿಗೆಯ ಅಂಚಿಗೆ ಮೀನಖಂಡ ಸಿಲುಕುತ್ತದೆ. ಕಣಿವೆಗಳಲ್ಲಿ ನಾನು ಪಟ್ಟಿ ಕಟ್ಟಿದ ಪೆಟ್ಟುಗಳಲ್ಲಿ ಪಾದದ ಕೀಲು ಮತ್ತು ಮೊಣಕಾಲ ಕೆಳಗಿನ ಮೂಳೆಗಳೇ ಹೆಚ್ಚು, ಆಮೇಲೆ ಕೊರಳೆಲುಬು. ಗಟ್ಟಿ ಪೆಟ್ಟಿಗೆಗಳನ್ನು ಬಿಚ್ಚಿಟ್ಟು ಬಟ್ಟೆಯ ಚೀಲಗಳನ್ನು ಕಟ್ಟಿ. ಮರಳಿನಲ್ಲಿ ಎದ್ದುನಿಂತು, ಭಾರ ಹಿಂದಕ್ಕೆ ಹಾಕಿ, ದೃಷ್ಟಿ ದೂರಕ್ಕಿಟ್ಟು, ಎಂಜಿನ್ ಎಳೆತ ಬಿಡದೆ ಹೋಗುವುದನ್ನು ಹೊಸಬರಿಬ್ಬರೂ ಹೊರಡುವ ಮೊದಲೇ ಹಗುರ ಬೈಕಿನಲ್ಲಿ ಕಲಿಯಲಿ.

ಟೈರಿನ ಗಾಳಿಯನ್ನು ಎಷ್ಟು ಇಳಿಸಿದರೆ ಅಷ್ಟು ಒಳ್ಳೆಯದು ಎಂಬುದೂ ತಪ್ಪು ತಿಳಿವಳಿಕೆ. ಬರಿಯ ಮರಳಾದರೆ ಸರಿ. ಆದರೆ ಅಲ್ಲಿ ಮರಳು ಮುಗಿದ ಮರುಗಳಿಗೆ ಚೂಪಂಚಿನ ಕಲ್ಲಿನ ಮೆಟ್ಟಿಲು ಎದುರಾಗುತ್ತದೆ, ಗಾಳಿ ಕಡಿಮೆಯಿದ್ದರೆ ಟ್ಯೂಬ್ ಕಚ್ಚಿಕೊಂಡು ತೂತಾಗುತ್ತದೆ ಅಥವಾ ರಿಮ್ ಬಾಗುತ್ತದೆ. ಸಾಮಾನು ಹೊತ್ತ ದೊಡ್ಡ ಬೈಕ್‌ಗೆ 22ರಿಂದ 25 ಪಿಎಸ್‌ಐ, ಹಗುರ ಬೈಕ್‌ಗೆ 14ರಿಂದ 16, ಇದಕ್ಕಿಂತ ಕೆಳಗೆ ನಾನು ಇಳಿಸುವುದಿಲ್ಲ.

ಉಪಗ್ರಹ ಸಾಧನ ಅಗತ್ಯ, ಆದರೆ ಅದು ಸಹಾಯವನ್ನು ಕರೆಯುತ್ತದೆಯೇ ಹೊರತು ಸಹಾಯವೇ ಅಲ್ಲ. ಕಿರಿದಾದ ಕಣಿವೆಯಲ್ಲಿ ಕಾಣುವ ಆಕಾಶವೇ ಒಂದು ಪಟ್ಟಿಯಷ್ಟಿರುವಾಗ ಸಂದೇಶ ಹೋಗಲು ತಡವಾಗುತ್ತದೆ. ಹೋದ ಮೇಲೆ ಆ ಕೌಂಟಿಯ (ಅಲ್ಲಿನ ಜಿಲ್ಲೆಯ) ಪೊಲೀಸ್ ಮುಖ್ಯಸ್ಥನಾದ ಶೆರಿಫ್‌ನ ಕಚೇರಿ ಸ್ವಯಂಸೇವಕರ ತಂಡವನ್ನು ಕೂಡಿಸಬೇಕು, ಅವರೂ ನೀವು ಬಂದ ದಾರಿಯಲ್ಲೇ ಬರಬೇಕು. ಹೆಲಿಕಾಪ್ಟರ್ ಗಾಳಿ, ಮೋಡ, ಕತ್ತಲೆಗಳನ್ನು ನೋಡಿಕೊಂಡು ಹೊರಡುತ್ತದೆ. ಮೇಜ್‌ನಲ್ಲಾದರೆ ಅರ್ಧ ದಿನ ನೀವೇ ಗಾಯಾಳುವನ್ನು ನೋಡಿಕೊಳ್ಳಲು ಸಿದ್ಧರಿರಬೇಕು. ಯೂಟಾದಲ್ಲಿ ರಕ್ಷಣಾ ಕಾರ್ಯದ ವೆಚ್ಚಕ್ಕೆಂದು ಸರ್ಕಾರಿ ಕಾರ್ಡ್ ಒಂದು ಸಿಗುತ್ತದೆ, ಆದರೆ ಏರ್ ಆಂಬುಲೆನ್ಸ್‌ನಂಥ ವೈದ್ಯಕೀಯ ಸಾಗಣೆಯ ಬಿಲ್ ಅದರಲ್ಲಿ ಬರುವುದಿಲ್ಲ. ವಿಮೆಯನ್ನು ಬೇರೆಯಾಗಿ ನೋಡಿಕೊಳ್ಳಿ. ಸಾಧನಗಳು ಎರಡಿರಲಿ, ಒಂದು ಮುಂದಾಳುವಿನಲ್ಲಿ, ಇನ್ನೊಂದು ಕೊನೆಯವನಲ್ಲಿ, ಮತ್ತು ಬೈಕಿನ ಹ್ಯಾಂಡಲ್‌ಗಲ್ಲ, ಮೈಗೆ ಕಟ್ಟಿರಲಿ. ಊರಿನಲ್ಲಿರುವ ಒಬ್ಬರಿಗೆ ಮಾರ್ಗ, ಬಿಡಾರದ ಸ್ಥಳಗಳು ಮತ್ತು “ಇಷ್ಟು ಹೊತ್ತಿಗೆ ಸುದ್ದಿ ಬಾರದಿದ್ದರೆ ಶೆರಿಫ್‌ಗೆ ಫೋನ್ ಮಾಡಿ” ಎಂಬ ಸಮಯ ಬರೆದುಕೊಡಿ. ಹ್ಯಾನ್ಸ್ ಫ್ಲ್ಯಾಟ್‌ಗೆ ಹೋಗುವ ದಾರಿಯ ಆಸುಪಾಸಿನ ಬ್ಲೂಜಾನ್ ಕಣಿವೆಯಲ್ಲಿ 2003ರಲ್ಲಿ ಬಂಡೆಗೆ ಕೈ ಸಿಲುಕಿ ಐದು ದಿನ ಒದ್ದಾಡಿದ ಆರನ್ ರಾಲ್‌ಸ್ಟನ್, ತಾನು ಎಲ್ಲಿಗೆ ಹೋಗುತ್ತಿದ್ದೇನೆಂದು ಯಾರಿಗೂ ಹೇಳಿರಲಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಇಡೀ ಯೋಜನೆಯನ್ನು ಹಾಗೆಯೇ ಉಳಿಸಿಕೊಂಡು ಎಂಟೂ ಜನ ಹೋಗುವುದು ಒಂದು. ಅದನ್ನು ನಾನು ಬೇಡವೆನ್ನುತ್ತೇನೆ. ನಾಲ್ಕು ದಿನದಲ್ಲಿ ಮಳೆಗೋ ಪಂಕ್ಚರಿಗೋ ಕೊಡಲು ನಿಮ್ಮಲ್ಲಿ ಒಂದು ಬೆಳಗೂ ಉಳಿದಿಲ್ಲ. ಹೊಸಬರನ್ನು ಬಿಟ್ಟು ಆರು ಜನ ಹೋಗುವುದು ಎರಡನೆಯದು. ಇದರಿಂದ ವೇಗ ಹೆಚ್ಚುತ್ತದೆ, ಆದರೆ ಧೂಳಿನ ಸಮಸ್ಯೆಯೂ ಜೇಡಿಯ ಸಮಸ್ಯೆಯೂ ಇದ್ದಲ್ಲೇ ಇರುತ್ತವೆ, ಸ್ನೇಹಕ್ಕೆ ಪೆಟ್ಟು ಬೀಳುವುದು ಬೇರೆ.

ನಾನಾದರೆ ಎಂಟನ್ನು ನಾಲ್ಕು ನಾಲ್ಕಾಗಿ ಒಡೆಯುತ್ತೇನೆ. ಒಂದೊಂದರಲ್ಲಿ ಒಬ್ಬ ಹೊಸಬ, ಒಬ್ಬ ಪ್ರಥಮ ಚಿಕಿತ್ಸೆ ಬಲ್ಲವ, ಒಂದು ಉಪಗ್ರಹ ಸಾಧನ, ಒಂದು ಪೂರ್ತಿ ಪಂಕ್ಚರ್ ಸಾಮಗ್ರಿ. ಎರಡು ಗುಂಪುಗಳ ನಡುವೆ ಒಂದು ಗಂಟೆಯ ಅಂತರ, ರಾತ್ರಿಯ ಬಿಡಾರ ಒಟ್ಟಿಗೆ. ನೀರು, ಪೆಟ್ರೋಲ್, ಡೇರೆ ಹೊರಲು ಲೋ ರೇಂಜ್ ಗೇರ್ ಇರುವ, ತಳ ಎತ್ತರವಿರುವ ಒಂದು ಫೋರ್‌ವೀಲ್ ಡ್ರೈವ್ ವಾಹನ ಎಲ್ಲರ ಹಿಂದೆ ಬರಲಿ. ಗಾಯವಾದರೆ ಮಲಗಿಸಲು ಜಾಗ, ಕೈಕೊಟ್ಟ ಬೈಕನ್ನು ಹೊರತರಲು ದಾರಿ ಎರಡೂ ಅದರಿಂದಲೇ. ಅದಕ್ಕೂ ಅಪಾಯವುಂಟು: ವೈಟ್ ರಿಮ್‌ನಿಂದ ವಾಹನ ಎಳೆಸುವ ಖರ್ಚು 1,000 ಡಾಲರ್ ದಾಟುತ್ತದೆ, ಮತ್ತು ಓಡಿಸುವವನು ಅಂಥ ದಾರಿ ಕಂಡವನಾಗಿರಬೇಕು. ಈ ಏರ್ಪಾಟಿನಲ್ಲಿ ವೈಟ್ ರಿಮ್‌ಗೆ ಮೂರು ದಿನ ಕೊಟ್ಟು, ಮೇಜ್ ಭಾಗವನ್ನು ಈ ಸಲ ಪೂರ್ತಿ ಬಿಡಿ. ನಾಲ್ಕನೆಯ ದಿನ ಹವೆ ಚೆನ್ನಾಗಿದ್ದರೆ ಗ್ರೀನ್ ರಿವರ್ ಊರಿನಾಚೆಯ ಸ್ಯಾನ್ ರಫಾಯೆಲ್ ಸ್ವೆಲ್‌ಗೆ ಹೋಗಿ. ಬಕ್‌ಹಾರ್ನ್ ಕಣಿವೆಯ ಪ್ರಾಚೀನ ಬಂಡೆಚಿತ್ರಗಳಿವೆ, ಹೆದ್ದಾರಿಯೊಂದು ಆ ಪ್ರದೇಶವನ್ನೇ ಹಾದುಹೋಗುವುದರಿಂದ ಹೊರಬರುವ ದಾರಿಗಳೂ ಹಲವಿವೆ. ಮೇಜ್ ಬೇಕೇಬೇಕೆನ್ನುವವರು ಮುಂದಿನ ವರ್ಷ ನಾಲ್ವರೇ, ಹಗುರ ಬೈಕ್‌ಗಳಲ್ಲಿ, ಎರಡು ದಿನ ಹೆಚ್ಚಿಗೆ ಇಟ್ಟುಕೊಂಡು ಹೋಗಲಿ.

ನಾಲ್ವರ ಗುಂಪಿನಲ್ಲಿಯೂ ಒಂದು ಕ್ರಮ ಬೇಕು. ದಾರಿ ಕವಲೊಡೆಯುವಲ್ಲಿ ಮುಂದಾಳುವಿನ ಬೆನ್ನಿಗಿರುವವನು ಬೈಕನ್ನು ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ, ಕೊನೆಯವನು ಕಣ್ಣಿಗೆ ಬೀಳುವವರೆಗೆ ಅಲ್ಲಿಂದ ಕದಲಬಾರದು. ನೀರಡಿಕೆಯಾಗಲಿ, ಬೇಸರವಾಗಲಿ, ಅಷ್ಟು ಹೊತ್ತಾಯಿತೆಂದು ಹುಡುಕಲು ಹೋಗುವ ಆಸೆಯಾಗಲಿ ಅವನನ್ನು ಕದಲಿಸಬಾರದು. ಕವಲಿನಲ್ಲಿ ಇರಬೇಕಾದವನು ಇಲ್ಲದೆ ಹೋದದ್ದರಿಂದಲೇ ಗುಂಪುಗಳು ಎರಡು ಕಣಿವೆಗಳಿಗೆ ಹಂಚಿಹೋಗುವುದು. ಕವಲುಗಳ ನಡುವೆ ಪ್ರತಿಯೊಬ್ಬನೂ ತನ್ನ ಹಿಂದಿನವನಿಗೆ ಹೊಣೆ: ಕನ್ನಡಿಯಲ್ಲಿ ಧೂಳು ಕಾಣದಿದ್ದರೆ ನಿಲ್ಲಬೇಕು, ಎರಡು ನಿಮಿಷದಲ್ಲಿ ಬಾರದಿದ್ದರೆ ತಿರುಗಬೇಕು. ದಾರಿ ಬಿಟ್ಟು ಪಕ್ಕಕ್ಕೆ ಚಕ್ರ ಇಳಿಸಬಾರದು. ಅಲ್ಲಿ ಕಪ್ಪಗೆ ಉಬ್ಬಿದಂತೆ ಕಾಣುವ ಮಣ್ಣಿನ ಹೊರಪದರ ಸೂಕ್ಷ್ಮಜೀವಿಗಳು ಕಟ್ಟಿದ್ದು, ಒಂದು ಸಲ ಮುರಿದರೆ ಮತ್ತೆ ಕೂಡಿಕೊಳ್ಳಲು ಹಲವು ವರ್ಷ ಬೇಕು.

ಪರವಾನಗಿಯ ಕೆಲಸವನ್ನು ಈಗಲೇ ಆರಂಭಿಸಿ. ವೈಟ್ ರಿಮ್‌ಗೆ ಒಂದು ದಿನದ ಪಯಣಕ್ಕೂ ಪರವಾನಗಿ ಬೇಕು, ದಿನಕ್ಕೆ 50 ಮೋಟಾರು ವಾಹನಗಳಿಗೆ ಮಾತ್ರ ಕೊಡುತ್ತಾರೆ. ರಾತ್ರಿ ತಂಗುವ ಜಾಗಗಳನ್ನು ತಿಂಗಳುಗಟ್ಟಲೆ ಮೊದಲೇ ಕಾಯ್ದಿರಿಸಬೇಕು, ಅಕ್ಟೋಬರ್‌ಗಂತೂ ಪೈಪೋಟಿ ಹೆಚ್ಚು. ರಸ್ತೆಗೆ ನೋಂದಣಿಯಾಗಿ ನಂಬರ್ ಪ್ಲೇಟ್ ಇರುವ ಬೈಕ್‌ಗಳಿಗಷ್ಟೇ ಉದ್ಯಾನದೊಳಗೆ ಪ್ರವೇಶ, ನಿಮ್ಮ ಮೂರು ಹಗುರ ಬೈಕ್‌ಗಳ ಕಾಗದಪತ್ರ ನೋಡಿಕೊಳ್ಳಿ. ಬಿಡಾರಕ್ಕೆ ಜನರ ಮಿತಿಯೂ ವಾಹನಗಳ ಮಿತಿಯೂ ಇದೆ. ಎಂಟು ಬೈಕ್ ಮತ್ತು ಒಂದು ಜೀಪನ್ನು ಹೇಗೆ ಎಣಿಸುತ್ತಾರೆಂದು ಕಚೇರಿಗೆ ಬರೆದು ಕೇಳಿ ಉತ್ತರ ತರಿಸಿಕೊಳ್ಳಿ. ಆ ಉತ್ತರವನ್ನು ಗುಂಪಿನ ಮುಂದಿಟ್ಟಾಗ ಎರಡಾಗಿ ಒಡೆಯುವ ಮಾತನ್ನೂ ಎತ್ತಿ, ಧೈರ್ಯ ಸಾಲದೆಂದು ನನಗೆ ಬರೆದ ಮಾತನ್ನು ಅವರಿಗೂ ಹೇಳಿ. ಹೊಸಬರಿಬ್ಬರೂ ಅದಕ್ಕೇ ಕಾಯುತ್ತಿದ್ದಾರೆಂದು ನನ್ನ ಊಹೆ.